ಎಣ್ಣೆಯಿಂದಲ್ಲ, ಅತ್ತೆ

ಓವಿಯ ಕಿವಿ ಹೋದದ್ದು ನಿಮ್ಮ ಎಣ್ಣೆಯಿಂದಲ್ಲ, ಅತ್ತೆ. ಅದು ಅವಳಿಗೆ ಹುಟ್ಟಿನಿಂದಲೇ ಇದ್ದ ದೋಷ. ಈ ಮಾತು ನನಗೆ ನಾಲ್ಕು ವರ್ಷಗಳಿಂದ ಗೊತ್ತಿದೆ. ಗೊತ್ತಿದ್ದೂ ಹೇಳಲಿಲ್ಲ. ಮರೆತೆನೆಂದಲ್ಲ, ಸಂದರ್ಭ ಒದಗಲಿಲ್ಲವೆಂದಲ್ಲ — ಹೇಳಬಾರದೆಂದೇ ಹೇಳಲಿಲ್ಲ.

ಇನ್ನೊಂದು ಸಂಗತಿಯಿದೆ. ಅದು ಇದಕ್ಕಿಂತ ಹಿಂದಿನದು, ಇದಕ್ಕಿಂತ ಕೆಟ್ಟದ್ದು. ಅದನ್ನೂ ಬರೆಯುತ್ತೇನೆ. ಮೊದಲ ಸಾಲಿನಲ್ಲೇ ಬರೆಯಬೇಕೆಂದು ಕೂತೆ, ಆಗಲಿಲ್ಲ. ಈಗಲೂ, ಈ ವಯಸ್ಸಿನಲ್ಲೂ, ನಿಮಗೆ ನಾನು ಇಷ್ಟು ಹೆದರುತ್ತೇನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನೀವು ಬೈಯುವವರಲ್ಲ. ಬೈಯದವರ ಹೆದರಿಕೆಯೇ ಬೇರೆ.

ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ. ಅವನ್ನು ಬಿಟ್ಟುಬಿಟ್ಟರೆ ನನಗೆ ಅನುಕೂಲವಾದಷ್ಟನ್ನೇ ಬರೆದೇನು — ನನ್ನ ಬುದ್ಧಿ ನನಗೆ ಗೊತ್ತು.

ನಾಶಿಕ್‌ನ ಮನೆಯಲ್ಲಿ, ನಿಮ್ಮ ಮಗಳು ಸುಮಾಳ ಮದುವೆಯಾದ ಮೇಲೆ, ಉಳಿದವರು ನಾವು ನಾಲ್ವರು: ನೀವು, ನಿಮ್ಮ ಮಗ, ನಾನು, ನಮ್ಮ ಮಗಳು ಓವಿ. ಮಾವನವರು ಇಳಕಲ್ ಕಡೆಯಿಂದ ಫಿಟರ್ ಕೆಲಸಕ್ಕೆಂದು ಬಂದು ಅಲ್ಲಿನ ಕೈಗಾರಿಕಾ ಪ್ರದೇಶ ಸಾತಪುರದಲ್ಲೇ ಬಾಳು ಮುಗಿಸಿದವರು. ನಿಮ್ಮ ಮಗ ಅದೇ ಸಾತಪುರದ ಇನ್ನೊಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿದ್ದರು. ನಾನು ಜಮಖಂಡಿಯಿಂದ ಸೊಸೆಯಾಗಿ ಬಂದವಳು. ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಯಾವ ಗುಂಡಿ ಒತ್ತಿದರೆ ಯಾವ ಮೋಟಾರು ತಿರುಗಬೇಕು, ಯಾವ ಸೆನ್ಸರ್ ಸಿಗ್ನಲ್ ನಿಲ್ಲಿಸಿದರೆ ಯಂತ್ರಗಳ ಇಡೀ ಲೈನು ನಿಲ್ಲಬೇಕು — ಇದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದು ಯಂತ್ರಕ್ಕೆ ತುಂಬುವುದು.

ನನ್ನ ತವರಿನಲ್ಲಿ ಮಾಡುವವರಿರಲಿಲ್ಲ, ಹಾಗಾಗಿ ಬಾಣಂತನ ಮಾಡಿದವರು ನೀವೇ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತೀಡಿ ನೀರೆರೆಯುತ್ತಿದ್ದಿರಿ. ಎರೆದಾದ ಮೇಲೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಆರಿಸಿದ ಕೊಬ್ಬರಿ ಎಣ್ಣೆ, ಒಂದೊಂದು ಕಿವಿಗೆ ಎರಡೆರಡು ಹನಿ. ನಿಮ್ಮ ಅವ್ವ ನಿಮಗೆ ಮಾಡಿದ್ದು, ನೀವು ನಿಮ್ಮ ಇಬ್ಬರು ಮಕ್ಕಳಿಗೆ ಮಾಡಿದ್ದು. ನಾನೇ ಕೆಲವು ದಿನ ಬಟ್ಟಲು ಹಿಡಿದು ನಿಂತಿದ್ದೇನೆ.

ಓವಿಗೆ ಮೂರು ತುಂಬಿದರೂ ಮಾತು ಬರಲಿಲ್ಲ. ಆ ಹೊತ್ತಿಗೇ ನನಗೆ ಬಿಡಕಿನ್‌ನ ಕೆಲಸ ಸಿಕ್ಕಿತು. ಹೊಸ ಕೈಗಾರಿಕಾ ನಗರ, ಹೊಸ ಕಾರ್ಖಾನೆ, ಇಡೀ ಲೈನಿನ ಪ್ರೋಗ್ರಾಮ್ ಜವಾಬ್ದಾರಿ ನನ್ನದು — ಸಂದರ್ಶನದಲ್ಲಿ ಅವರು ಅಷ್ಟು ಜನ ಗಂಡಸರನ್ನು ಬಿಟ್ಟು ನನ್ನನ್ನು ಆರಿಸಿದ್ದರು. ನಾನು ಉಬ್ಬಿ ಹೋಗಿದ್ದೆ. ಹತ್ತಿರದ ಸಂಭಾಜಿನಗರದಲ್ಲಿ ಮನೆ ಹಿಡಿಯಬೇಕು, ಒಂದು ತಿಂಗಳೊಳಗೆ ಸೇರಬೇಕು. ನಿಮ್ಮ ಮಗ ಒಂದೇ ಮಾತು ಅಂದರು: "ನಿನಗ ಛಲೋ ಅವಕಾಶ ಐತಿ. ನಾ ಅಲ್ಲೇ ಎಲ್ಲರೆ ಹುಡುಕೋತೀನಿ. ನಡಿ." ಹೆಂಡತಿಯ ನೌಕರಿಗಾಗಿ ತನ್ನ ನೌಕರಿ ಬಿಡುವ ಗಂಡಸು ನಮ್ಮ ಓಣಿಯಲ್ಲಿ ಅವರೊಬ್ಬರೇ ಇದ್ದರು; ನಕ್ಕವರೂ ಇದ್ದರು. ನೀವು ಮಾತ್ರ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಸುತ್ತಲು ಶುರುಮಾಡಿದಿರಿ.

ಹೊರಡಲು ಮೂರು ವಾರವಿತ್ತು. ಓವಿಯ ನರ್ಸರಿಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆಯಿತು. ಕರೆದುಕೊಂಡು ಬರಲು ಹೋದದ್ದು ನಾನು. ಅಲ್ಲಿದ್ದ ಡಾಕ್ಟರು, ವಯಸ್ಸಾದ ಹೆಣ್ಣುಮಗಳು, ನನ್ನನ್ನು ಬದಿಗೆ ಕರೆದು ಒಂದು ಚೀಟಿ ಕೊಟ್ಟರು. ಎರಡೇ ಸಾಲು. ಮಗುವಿನ ಕಿವಿಯ ಪರೀಕ್ಷೆ ಆಗಬೇಕು, ತಡಮಾಡಬಾರದು. "ತಡಮಾಡಬಾರದು" ಎಂಬುದರ ಕೆಳಗೆ ಗೆರೆ ಎಳೆದಿದ್ದರು. ನಾನು ಎರಡು ಸಲ ಓದಿದೆ. ಮಡಚಿ, ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿನಲ್ಲಿ ಸೇರಿಸಿದೆ. ಮನೆಗೆ ಬಂದಾಗ ನಿಮ್ಮ ಮಗ "ಏನಂದ್ರು?" ಅಂತ ಕೇಳಿದರು. "ತೂಕ ಸ್ವಲ್ಪ ಕಡಿಮಿ ಅಂತ" ಅಂದೆ.

ಇದೇ ಅತ್ತೆ, ಆ ಇನ್ನೊಂದು. ಓವಿಗೆ ಕೇಳುವುದಿಲ್ಲವೆಂದು ನಮಗೆಲ್ಲ ಒಟ್ಟಿಗೇ, ಆ ನೀರಿನ ಟ್ಯಾಂಕರಿನ ದಿನ, ಗೊತ್ತಾಯಿತೆಂದು ನೀವೆಲ್ಲ ತಿಳಿದಿದ್ದೀರಿ. ನನಗೆ ಅದಕ್ಕೂ ಹನ್ನೊಂದು ತಿಂಗಳ ಮೊದಲೇ ಗೊತ್ತಿತ್ತು.

ನಮ್ಮ ಕೆಲಸದಲ್ಲಿ ಒಂದು ಕೆಟ್ಟ ರೂಢಿಯಿದೆ. ಒಂದು ಸೆನ್ಸರ್ ಮೇಲಿಂದ ಮೇಲೆ ಅಲಾರ್ಮ್ ಕೊಡುತ್ತಿದೆ, ಮಾಲು ಹೊರಡಿಸುವ ಅವಸರವಿದೆ ಎಂದಾಗ ಆ ಸೆನ್ಸರನ್ನೇ ಬೈಪಾಸ್ ಮಾಡಿಬಿಡುತ್ತೇವೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯಿತು. ಎಲ್ಲವೂ ಸರಿಯಿದೆ ಎಂದು ಯಂತ್ರ ನಂಬಿ ಓಡುತ್ತದೆ. ಪಕ್ಕದಲ್ಲಿ "ತಾತ್ಕಾಲಿಕ" ಎಂದು ಬರೆದಿಡುತ್ತೇವೆ, ಆಮೇಲೆ ನೋಡೋಣವೆಂದು. ಆ ಆಮೇಲೆ ಬರುವುದಿಲ್ಲ. ಚೀಟಿಯನ್ನು ಒಳಜೇಬಿಗೆ ಸೇರಿಸುವಾಗ ನಾನು ಮಾಡಿದ್ದೂ ಅದನ್ನೇ. ಮೊದಲು ಸೇರಿಕೊಳ್ಳೋಣ, ಮನೆ ಹೊಂದಲಿ, ಪ್ರೊಬೇಷನ್ ಮುಗಿಯಲಿ, ಆಮೇಲೆ — ಪರೀಕ್ಷೆ ಮಾಡಿಸಿ ಏನಾದರೂ ಹೊರಬಿದ್ದರೆ ನಿಮ್ಮ ಮಗ "ನೌಕರಿ ಇರಲಿ, ಮೊದಲ ಕೂಸಿನದು ನೋಡೂಣು" ಎನ್ನುತ್ತಾರೆಂದು ನನಗೆ ಖಾತ್ರಿಯಿತ್ತು. ಅವರು ಹಾಗೆ ಅನ್ನುವಂಥ ಮನುಷ್ಯ ಎಂಬುದೇ ನನ್ನ ಹೆದರಿಕೆಯಾಗಿತ್ತು.

ಅದೇ ವಾರ ನೀವು ಬಂದು ನನ್ನ ಪಕ್ಕ ಕೂತಿರಿ. ನೆನಪಿದೆಯೇ? ನಾನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ.

"ಯವ್ವಾ, ಕೂಸಿಗೆ ಕೇಳಸವಲ್ದು ನೋಡ. ಹಿಂದ ನಿಂತು ಬಳಿ ಅಲಗಾಡ್ಸಿದೆ, ತಿರಗಲಿಲ್ಲ. ಕುಕ್ಕರ ಸೀಟಿ ಹೊಡದ್ರೂ ತಿರಗಂಗಿಲ್ಲ. ನನ್ನ ಮಾರಿ ಕಂಡ್ರಷ್ಟ ಬರತಾಳ."

ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನೇ ನೀವು ಬಳೆ ಅಲ್ಲಾಡಿಸಿ ಕಂಡುಕೊಂಡಿದ್ದಿರಿ. ಆಗ ನಾನು ಬಾಯಿಬಿಟ್ಟಿದ್ದರೆ — ಆದರೆ ನಾನು ಪೆಟ್ಟಿಗೆಗೆ ಟೇಪು ಸುತ್ತುತ್ತಲೇ ಹೇಳಿದೆ, "ಕೇಳ್ತೈತ್ರಿ ಅತ್ತಿ. ಬಾಗಲಾ ಬಡದ್ರ ತಿರಗತಾಳಲ್ಲ. ನಾಕ್ನಾಕು ಭಾಷಾ ಕಿವಿಗೆ ಬಿದ್ದು ಗೊಂದಲ ಆಗೇತಿ ಅಕಿಗೆ, ಅಷ್ಟ."

ಆ ಕ್ಷಣ ಬಾಯಿಗೆ ಬಂದ ಸಬೂಬು ಅದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾರ್ಟೂನಿನಲ್ಲಿ ಹಿಂದಿ, ನರ್ಸರಿಯಲ್ಲಿ ಇಂಗ್ಲಿಷ್ — ನಮ್ಮಂಥ ಮನೆಗಳಲ್ಲಿ ಮಕ್ಕಳು ತಡವಾಗಿ ಮಾತಾಡುವುದನ್ನು ಎಲ್ಲರೂ ಹೀಗೇ ಒಪ್ಪಿಕೊಳ್ಳುತ್ತಾರೆ. ನೀವೂ ಸುಮ್ಮನಾದಿರಿ. ಅಷ್ಟಕ್ಕೇ ನಾನು ನಿಲ್ಲಲಿಲ್ಲ. ಆ ಸಬೂಬನ್ನು ನಾನೇ ನಂಬಬೇಕಾಗಿತ್ತು. ಇಂಟರ್ನೆಟ್ಟಿನಲ್ಲಿ ನನಗೆ ಬೇಕಾದ ಉತ್ತರ ಸಿಗುವವರೆಗೂ ಹುಡುಕಿದೆ, ಸಿಕ್ಕಿತು. ನಂಬಿಕೆ ಗಟ್ಟಿಯಾಗಲು ಏನಾದರೂ ಮಾಡಬೇಕಲ್ಲ — ಸಂಭಾಜಿನಗರಕ್ಕೆ ಬಂದ ಮೊದಲ ವಾರದಲ್ಲೇ ನಿಮಗೆ ಹೇಳಿದೆ, "ಅತ್ತಿ, ಇನ್ನಮ್ಯಾಲೆ ಓವಿ ಜೋಡಿ ಕನ್ನಡ ಮಾತಾಡಬ್ಯಾಡ್ರಿ. ಒಂದ ಭಾಷಾ ಇರಲಿ."

ನೀವು ನನ್ನ ಮುಖ ನೋಡಿದಿರಿ. "ಮತ್ತ ನಾ ಏನ ಮಾತಾಡ್ಲಿ?" ಎಂದಿರಿ.

ನಿಮ್ಮ ಮರಾಠಿ ಕಾಯಿಪಲ್ಲೆಯವಳ ಜೊತೆ ಚೌಕಾಸಿ ಮಾಡುವಷ್ಟು, ಬಸ್ಸಿನಲ್ಲಿ ಜಾಗ ಕೇಳುವಷ್ಟು. ಅದರಲ್ಲಿ ಮೊಮ್ಮಗಳನ್ನು ಮುದ್ದು ಮಾಡಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನೀವು ಅವಳೊಡನೆ ಮಾತೇ ನಿಲ್ಲಿಸಿದಿರಿ. ಅದುವರೆಗೆ ಅವಳನ್ನು ತೊಡೆಯ ಮೇಲೆ ಎದುರಿಗೆ ಕೂಡಿಸಿಕೊಂಡು, ಬಾಯಿ ಅಗಲ ಮಾಡಿ, ಕಣ್ಣು ಕುಣಿಸಿ, ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದವರು ನೀವು. ಆಮೇಲೆ ಓವಿ ಬಂದು ನಿಮ್ಮ ತೊಡೆ ಏರಿದರೆ ತಲೆ ಸವರುತ್ತಿದ್ದಿರಿ, ಬಾಯಿ ಮುಚ್ಚಿಕೊಂಡಿರುತ್ತಿದ್ದಿರಿ. ಅವಳು ನಿಮ್ಮ ಗದ್ದ ಹಿಡಿದು ಎಳೆಯುತ್ತಿದ್ದಳು. ನೀವು ನನ್ನ ಕಡೆ ನೋಡುತ್ತಿದ್ದಿರಿ, ನಾನು ಮೊಬೈಲು ನೋಡುತ್ತಿದ್ದೆ.

ಆ ಹನ್ನೊಂದು ತಿಂಗಳು ನಾನು ಸುಖವಾಗಿರಲಿಲ್ಲ. ಇದನ್ನು ಸಮರ್ಥನೆಗೆಂದು ಹೇಳುತ್ತಿಲ್ಲ. ಬೆಳಿಗ್ಗೆ ಪೈಠಣ ರಸ್ತೆಯಲ್ಲಿ ಕಂಪನಿ ಬಸ್ಸಿಗೆ ನಿಂತಾಗ ಫೋನು ಸದ್ದು ಮಾಡಿದರೆ ನರ್ಸರಿಯದೇ ಇರಬೇಕೆಂದು ಮೊದಲು ನಂಬರು ನೋಡುತ್ತಿದ್ದೆ. ಹೊಸ ನರ್ಸರಿಯ ಟೀಚರು "ಬೋಲತ ನಾಹಿ ತೀ", ಮಾತೇ ಆಡುವುದಿಲ್ಲ ಅವಳು, ಎಂದಾಗಲೆಲ್ಲ ಅದೇ ನಾಲ್ಕು ಭಾಷೆಗಳ ಕಥೆ ಹೇಳುತ್ತಿದ್ದೆ. ರಜೆಯ ದಿನ ನೀವು ಯಾರೂ ನೋಡದಾಗ ಓವಿಯ ಹಿಂದೆ ಹೋಗಿ ಸ್ಟೀಲಿನ ತಟ್ಟೆ ನೆಲಕ್ಕೆ ಬೀಳಿಸುತ್ತಿದ್ದೆ. ಅವಳು ತಿರುಗುತ್ತಿದ್ದಳು. ಕೇಳಿಸಿತು, ಕೇಳಿಸಿತು ಎಂದು ಅವಳನ್ನು ಎತ್ತಿ ಅಪ್ಪಿಕೊಳ್ಳುತ್ತಿದ್ದೆ. ತಟ್ಟೆ ಬಿದ್ದಾಗ ಟೈಲ್ಸು ಅದುರುತ್ತದೆ, ಬರಿಗಾಲಿಗೆ ಅದು ತಿಳಿಯುತ್ತದೆ ಎಂಬುದು ಇಂಜಿನಿಯರ್ ಆದ ನನಗೆ ಗೊತ್ತಿಲ್ಲದ್ದಲ್ಲ. ದೇವರ ಮನೆಯ ಸಣ್ಣ ಗಂಟೆ ಕೈಗೆಟುಕುವ ಹಾಗೇ ಇತ್ತು. ಅದನ್ನು ಒಮ್ಮೆಯೂ ಬಾರಿಸಿ ನೋಡಲಿಲ್ಲ. ಅಷ್ಟು ಭಯ.

ಪ್ರೊಬೇಷನ್ ಆರು ತಿಂಗಳಿಗೇ ಮುಗಿಯಿತು. ಮುಗಿದ ದಿನ ಪೇಢೆ ತಂದೆ. ಚೀಟಿಯ ಮಾತು ಎತ್ತಲಿಲ್ಲ. ಅಷ್ಟರಲ್ಲಿ ಅದು ಆರು ತಿಂಗಳ ಹಳೆಯ ಚೀಟಿಯಾಗಿತ್ತು. ಈಗ ತೆಗೆದರೆ ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತೀರಿ. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಆಮೇಲೆ ಆ ಭಾನುವಾರ ಬೆಳಿಗ್ಗೆ. ನಮ್ಮ ಬಡಾವಣೆಗೆ ನೀರಿನ ಟ್ಯಾಂಕರ್ ಬಂದಿತ್ತು. ಓವಿ ಗೇಟಿನ ಹೊರಗೆ ಟ್ಯಾಂಕರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಕೊಳವೆಯಿಂದ ತೊಟ್ಟಿಕ್ಕುವ ನೀರಿಗೆ ಬೆರಳು ಹಿಡಿದಿದ್ದಳು. ಡ್ರೈವರ್ ಗಾಡಿ ಹಿಂದಕ್ಕೆ ತೆಗೆದ. ರಿವರ್ಸ್ ಹಾರ್ನು ಕೀಂ ಕೀಂ ಎಂದು ಇಡೀ ಓಣಿಗೆ ಕೇಳುತ್ತಿತ್ತು. ನಾನು ಮೆಟ್ಟಿಲ ಮೇಲಿದ್ದೆ. "ಓವೀ! ಓವೀ!" ಎಂದು ಕೂಗಿದೆ. ಕಾಲು ಕೀಳಲಾಗಲಿಲ್ಲ ನನಗೆ, ಬರೀ ಕೂಗಿದೆ. ನೀವು ಕೂಗಲಿಲ್ಲ. ಸೀರೆ ಎತ್ತಿ ಹಿಡಿದು ಓಡಿದಿರಿ. ಅವಳನ್ನು ಎಳೆದುಕೊಂಡು ಬದಿಗೆ ಬಿದ್ದಿರಿ, ನಿಮ್ಮ ಬಲಗೈ ಕೆಳಗೆ ಸಿಕ್ಕಿತು. ಟ್ಯಾಂಕರಿನ ಗಾಲಿ ಅವಳು ಕೂತಿದ್ದ ಒದ್ದೆ ಜಾಗದ ಮೇಲೆ ಹಾದುಹೋಗಿ ನಿಂತಿತು.

ನಾನು ಬಂದು ನಿಂತಾಗ ನೀವು ನೆಲದ ಮೇಲಿಂದಲೇ ನನ್ನ ಮೇಲೆ ಹರಿಹಾಯ್ದಿರಿ, ಮದುವೆಯಾದಂದಿನಿಂದ ಅದೊಂದೇ ಸಲ: "ಒದರಿದ್ರ ಏನ ಬರತೈತಿ? ಅಕಿಗೆ ಕೇಳಂಗಿಲ್ಲ!"

ಕೂಗಿ ಪ್ರಯೋಜನವಿಲ್ಲವೆಂದು ನಿಮಗೆ ಅನುಮಾನವಿತ್ತು, ಅದಕ್ಕೇ ಓಡಿದಿರಿ. ನನಗೆ ಬರಹದಲ್ಲೇ ಗೊತ್ತಿತ್ತು. ಆದರೂ ನಿಂತು ಕೂಗಿದೆ. ಅವಳಿಗೆ ಕೇಳುತ್ತದೆಂದು ಎಲ್ಲರೆದುರು ನಾನು ಕಟ್ಟಿದ್ದ ಸುಳ್ಳು ಆ ಹೊತ್ತಿನಲ್ಲೂ ನನ್ನ ಬಾಯಿಂದ ಹೊರಡುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನಿಜವೋ ಅಲ್ಲವೋ ತಿಳಿಯದು.

ನಿಮ್ಮ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿದ ಆಸ್ಪತ್ರೆಯಲ್ಲೇ, ನೀವು ಹಟ ಹಿಡಿದದ್ದರಿಂದ, ಎರಡು ದಿನ ಬಿಟ್ಟು ಓವಿಯ ಕಿವಿಯ ಪರೀಕ್ಷೆಯಾಯಿತು. ಎರಡೂ ಕಿವಿ. ಬಾಗಿಲ ಸದ್ದು, ಡೋಲಿನ ಸದ್ದು, ಇಂಥ ದಪ್ಪ ಸದ್ದು ಸ್ವಲ್ಪ ಕೇಳುತ್ತದೆ. ಸೀಟಿ, ಬಳೆ, ಹಕ್ಕಿ, ನಮ್ಮ ಮಾತಿನ ಹೆಚ್ಚಿನ ಪಾಲು ಕೇಳುವುದೇ ಇಲ್ಲ. ನಿಮ್ಮ ಮಗ ಗೋಡೆಗೆ ಒರಗಿ ನಿಂತುಬಿಟ್ಟರು. ಡಾಕ್ಟರು ಫಾರಂ ತುಂಬುತ್ತ ತುಂಬುತ್ತ ಒಂದೊಂದೇ ಪ್ರಶ್ನೆ ಕೇಳಿದರು. ಜ್ವರ ಬಂದಿತ್ತೇ, ತಲೆಗೆ ಪೆಟ್ಟಾಗಿತ್ತೇ, ಕಿವಿಗೆ ಎಣ್ಣೆ ಬಿಡುತ್ತಿದ್ದಿರಾ — ಎಲ್ಲರಿಗೂ ಕೇಳುವ ಪ್ರಶ್ನೆ. ನೀವು ಪ್ಲಾಸ್ಟರಿನ ಕೈ ಎದೆಗೆ ಹಿಡಿದುಕೊಂಡು ಮುಂದೆ ಬಂದಿರಿ. "ಹೋಯ್, ಮೀಚ" ಎಂದಿರಿ. ಹೌದು, ನಾನೇ. ಡಾಕ್ಟರು ತಲೆ ಎತ್ತದೆ, ಬಿಡಬಾರದು ಆಜೀ, ಹಾಗೆಲ್ಲ ಬಿಡಬಾರದು ಎಂದು ಬರೆದುಕೊಂಡರು.

ರಿಕ್ಷಾದಲ್ಲಿ ನೀವು ಎರಡು ಸಲ ಹೇಳಿದಿರಿ. "ನನ್ನ ಕೈಲೇ ಆತಲ್ಲಪಾ. ನನ್ನ ಕೈಲೇ ಆತು."

"ಹೋಗ್ಲಿ ಬಿಡಬೇ," ಅಂದರು ನಿಮ್ಮ ಮಗ, "ನಿನಗೇನ ಗೊತ್ತಿತ್ತು."

ನಾನು ನಿಮ್ಮಿಬ್ಬರ ನಡುವೆ, ಓವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎಣ್ಣೆಯೇ ಕಾರಣವೋ ಅಲ್ಲವೋ ಎಂದು ಆ ದಿನ ನನಗೂ ಖಚಿತವಾಗಿ ತಿಳಿದಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನನ್ನೊಳಗೆ ಆದದ್ದು ಏನೆಂದು ಹೇಳದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಸಮಾಧಾನವಾಯಿತು ಅತ್ತೆ. ಹೊಣೆ ಹೊರಲು ಒಬ್ಬರು ಸಿಕ್ಕರು. ಇನ್ನು ಯಾರೂ ನನ್ನ ಬ್ಯಾಗಿನ ಜೇಬು ನೋಡುವುದಿಲ್ಲ.

ಎಂಟು ದಿನದ ಮೇಲೆ ಉಳಿದ ರಿಪೋರ್ಟುಗಳಿಗೆ ನಾನೊಬ್ಬಳೇ ಹೋದೆ. ನಿಮ್ಮ ಮಗನಿಗೆ ಹೊಸ ಕಾರ್ಖಾನೆಯಲ್ಲಿ ಹಗಲು ಪಾಳಿ. ಡಾಕ್ಟರು ಚಿತ್ರ ಬಿಡಿಸಿ ತೋರಿಸಿದರು. ದೋಷ ಒಳಕಿವಿಯದು, ಹುಟ್ಟಿನಿಂದಲೇ ಬಂದದ್ದು. ಎಣ್ಣೆಗೂ ಇದಕ್ಕೂ ಸಂಬಂಧವಿಲ್ಲ, ಎಣ್ಣೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಬಿಡಬಾರದು ಎಂದದ್ದು ಸೋಂಕಾದೀತೆಂದು. "ಆಜಿಗೆ ಹೇಳಿ, ತುಂಬ ಹಚ್ಚಿಕೊಂಡಂತಿದೆ" ಎಂದರು. ಅವರಿಗೂ ನೆನಪಿತ್ತು ನಿಮ್ಮ ಮುಖ. ಆಮೇಲೆ ಕೇಳಿದರು, ನಾಶಿಕ್‌ನಲ್ಲಿ ಯಾರೂ ಪರೀಕ್ಷೆ ಮಾಡಿಸಿ ಎಂದು ಹೇಳಿರಲಿಲ್ಲವೇ, ಒಂದು ವರ್ಷ ಮೊದಲು ಕಿವಿಗೆ ಮಷಿನ್ ಹಾಕಿದ್ದರೆ ಮಾತು ಎಷ್ಟೋ ಮುಂದಿರುತ್ತಿತ್ತು.

"ಇಲ್ಲ, ಯಾರೂ ಹೇಳಲಿಲ್ಲ" ಎಂದೆ.

ಮರುದಿನ ಬಿಡಕಿನ್‌ನ ಆಫೀಸಿನಲ್ಲಿ ಆ ಚೀಟಿಯನ್ನು ಚೂರುಚೂರು ಮಾಡಿ, ಊಟದ ಡಬ್ಬಿಗಳ ಕಸ ಬೀಳುವ ಬುಟ್ಟಿಗೆ ಹಾಕಿ, ಬುಟ್ಟಿ ಎತ್ತುವವನು ಬರುವವರೆಗೆ ಅಲ್ಲೇ ನಿಂತಿದ್ದೆ. ಮನೆಗೆ ಬಂದಾಗ ನಿಮ್ಮ ಮಗ ಕೇಳಿದರು, "ಕಾರಣ ಏನಂತ?" ನೀವು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿರಿ, ಎಡಗೈಯಲ್ಲಿ ಸೌಟು. ನನ್ನ ಮುಂದೆ ಎರಡು ದಾರಿಯಿದ್ದವು. ಎಣ್ಣೆಯಲ್ಲ ಎಂದರೆ ಮಾತು ಮುಂದುವರಿಯುತ್ತಿತ್ತು — ಹಾಗಾದರೆ ಹುಟ್ಟಿನಿಂದ ಯಾರಿಗೂ ಹೇಗೆ ತಿಳಿಯಲಿಲ್ಲ, ನರ್ಸರಿಯಲ್ಲಿ ತಪಾಸಣೆ ಆಗಿತ್ತಲ್ಲ, ಅಲ್ಲಿ ಏನಂದರು, ಅವರಿಗೇ ಫೋನು ಮಾಡಿ ಕೇಳೋಣವೇ. ಎಣ್ಣೆ ಎಂದಿಟ್ಟುಕೊಂಡರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

"ಖಚಿತ ಹೇಳಾಕ ಬರಂಗಿಲ್ಲ ಅಂದ್ರು" ಎಂದೆ.

ನೀವು ತಲೆಯಾಡಿಸಿ ಒಳಗೆ ಹೋದಿರಿ. ಡಾಕ್ಟರು ಎಣ್ಣೆಯೇ ಕಾರಣ ಎಂದಿದ್ದರೂ, ನಿಮ್ಮ ಮೇಲಿನ ಕನಿಕರಕ್ಕೆ ನಾನು ಆ ಮಾತು ಮುಚ್ಚಿಟ್ಟೆನೆಂದು ನೀವು ತಿಳಿದಿರಿ. ಅಂದಿನಿಂದ ನನ್ನ ಮೇಲೆ ನಿಮಗೆ ಪ್ರೀತಿ ಹೆಚ್ಚಾಯಿತು. ಅದನ್ನು ಸಹಿಸಿಕೊಳ್ಳುವುದನ್ನೂ ಕಲಿತೆ.

ಓವಿಗೆ ಮಷಿನ್ ಹಾಕಿದರು. ಮಾತು ಕಲಿಸುವ ಹುಡುಗಿ ಮೊದಲ ದಿನ ಅವಳನ್ನು ಎದುರಿಗೆ ಕೂಡಿಸಿಕೊಂಡು ಅರ್ಧ ತಾಸು ಸುಮ್ಮನೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಮಗಳು ತುಟಿ ಓದುತ್ತಾಳೆ, ಯಾರೋ ಇವಳಿಗೆ ಎದುರಿಗೆ ಕೂತು ಬಹಳ ಮಾತಾಡಿದ್ದಾರೆ ಎಂದಳು. ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿದ್ದು ಒಂದೂ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಓವಿಯ ತುಟಿಗಳು ಎರಡು ಮೂರು ಆಕಾರ ಮಾಡುತ್ತಿದ್ದವು, ಸದ್ದಿಲ್ಲದೆ. ತುಟಿ ಕೂಡಿಸಿ ತೆರೆಯುವುದು. ಮತ್ತೆ ಕೂಡಿಸಿ ತೆರೆಯುವುದು. "ಇದು ಯಾವ ಶಬ್ದ?" ಎಂದು ಆ ಹುಡುಗಿ ಕೇಳಿದಳು. ನಾನು ನೋಡಿದೆ. "ಬಾ, ಬಂಗಾರಿ, ಬಾ." ನೀವು ಕರೆಯುತ್ತಿದ್ದದ್ದು.

ಅವಳಿಗೆ ಇದ್ದದ್ದು ಒಂದೇ ಭಾಷೆ ಅತ್ತೆ, ನಿಮ್ಮ ಮುಖದ ಮೇಲಿನ ಕನ್ನಡ. ನಾನು ಬಂದ್ ಮಾಡಿಸಿದ್ದು ಅದನ್ನು. ಕೇಳುವ ಕಿವಿ ದೇವರು ಕೊಡಲಿಲ್ಲ ಎನ್ನಬಹುದು. ಆದರೆ ಅವಳು ತಾನಾಗಿ ಹುಡುಕಿಕೊಂಡಿದ್ದ ದಾರಿಯನ್ನು ಮುಚ್ಚಿದ್ದು ದೇವರಲ್ಲ.

ಮನೆಗೆ ಬಂದು, ಇನ್ನು ಓವಿ ಜೊತೆ ಕನ್ನಡ ಮಾತಾಡಿ, ಎಷ್ಟು ಬೇಕಾದರೂ ಮಾತಾಡಿ ಎಂದು ನಿಮಗೆ ಹೇಳಿದೆ. ನೀವು "ಬ್ಯಾಡವಾ, ನನ್ನಿಂದ ಆಗಿದ್ದು ಸಾಕು" ಎಂದಿರಿ. ನಿಮ್ಮ ಬಾಯಿ ಮತ್ತೆ ತೆರೆಯಲು ಮತ್ತೆ ತಿಂಗಳುಗಳು ಬೇಕಾದವು. ಆ ತಿಂಗಳುಗಳೂ ನನ್ನ ಲೆಕ್ಕಕ್ಕೇ ಸೇರಬೇಕು. ಕೊನೆಗೆ ತೆರೆಸಿದ್ದೂ ಓವಿಯೇ, ಗದ್ದ ಹಿಡಿದು ಎಳೆದೆಳೆದು.

ಈಗ ಅವಳಿಗೆ ಎಂಟು. ಮಾತು ಬಂದಿದೆ. ಸ, ಶ ನುಂಗುತ್ತಾಳೆ, ಆದರೆ ಜಗಳವಾಡಲು ಏನೂ ಕಡಿಮೆಯಿಲ್ಲ. ನಿಮ್ಮೊಡನೆ ಇಳಕಲ್ಲಿನ ಕನ್ನಡ, ಶಾಲೆಯಲ್ಲಿ ಮರಾಠಿ. ಎಲ್ಲ ಸರಿಹೋಯಿತು ಎಂದು ನಾನು ನನಗೇ ಹೇಳಿಕೊಂಡು ಕಾಲ ಹಾಕಬಹುದಿತ್ತು. ನಿಮ್ಮ ಕೈಗಳನ್ನು ನೋಡದೆ ಇದ್ದಿದ್ದರೆ. ನೀವು ಅವಳ ತಲೆಗೆ ಎಣ್ಣೆ ಹಚ್ಚುವುದಿಲ್ಲ. ಹೆರಳು ಹಾಕುವುದಿಲ್ಲ. ಅವಳು ಕಿವಿಯ ಮಷಿನ್ ಕೈಗೆ ಕೊಟ್ಟರೆ ಕೆಂಡ ಮುಟ್ಟಿದಂತೆ ಕೈ ಹಿಂದೆ ತೆಗೆದುಕೊಳ್ಳುತ್ತೀರಿ. ಕಳೆದ ವರ್ಷ ವೇರೂಳಿಗೆ ಹೋದಾಗ ಘೃಷ್ಣೇಶ್ವರನ ಮುಂದೆ ನಾವೆಲ್ಲ ಕೈಮುಗಿದು ನಿಂತಿದ್ದೆವು, ನೀವು ಸೆರಗಿನೊಳಗೆ ಕೈ ಮುಚ್ಚಿಕೊಂಡು ನಿಂತಿದ್ದಿರಿ. ನಾನು ನಿಮ್ಮ ಪಕ್ಕದಲ್ಲೇ ಇದ್ದೆ.

ಈಚೆಗೆ ಸುಮಾ ಬಂದಳು, ಚೊಚ್ಚಲ ಹೆರಿಗೆಗೆ ತವರಿಗೆ. ಹೆಣ್ಣುಕೂಸು. ಹತ್ತನೆಯ ದಿನದಿಂದ ಕೂಸಿಗೆ ಎರೆಯಲು ಪಕ್ಕದ ಓಣಿಯ ಒಬ್ಬ ಹೆಂಗಸನ್ನು ಗೊತ್ತು ಮಾಡಿದಿರಿ, ನೀವಾಗಿಯೇ. ಇವತ್ತು ಬೆಳಿಗ್ಗೆ ಆಕೆ ಬಚ್ಚಲಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು, ಕೂಸು ಕಿರುಚುತ್ತಿತ್ತು. ಆಕೆ ಕುತ್ತಿಗೆ ಸರಿಯಾಗಿ ಹಿಡಿದಿರಲಿಲ್ಲ. ನೀವು ಬಾಗಿಲಲ್ಲಿ ನಿಂತಿದ್ದಿರಿ, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು. ಒಂದು ಹೆಜ್ಜೆ ಮುಂದೆ ಇಟ್ಟು ಹಿಂದೆ ಸರಿದಿರಿ. ಸುಮಾ ಒಳಗಿನಿಂದ "ಯವ್ವಾ, ನೀನ ಎರಿಯಬಾರದೇನ?" ಎಂದು ಕೂಗಿದಳು. "ಬ್ಯಾಡವಾ. ಈ ಕೈ ಬ್ಯಾಡ" ಎಂದಿರಿ.

ನಾನು ಸುಮಾಳಿಗೆ ಬಿಸಿನೀರು ಕೊಡಲು ಒಳಗೆ ಹೋದೆ. ಅವಳು ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು, "ವೈನಿ, ಬಾಯಿಮಾತಿಗೆ ಕರದೆ ನಾ. ಅವ್ವ ಒಲ್ಲೆ ಅಂದಿದ್ದ ಛಲೋ ಆತು. ನನಗೂ ಅಂಜಿಕಿ ಇತ್ತ್ರಿ ಅವ್ವನ ಕೈಯಂದ."

ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ನಿಮ್ಮ ಕೈಯ ಎಣ್ಣೆಯ ಮೇಲೇ ಬೆಳೆದವಳು. ಅವಳ ಬಾಯಲ್ಲಿ ಈ ಮಾತು ಇಟ್ಟವಳು ನಾನು. ಇಷ್ಟು ಹತ್ತಿರದಿಂದ ಅದನ್ನು ಕೇಳುತ್ತೇನೆಂದು ಎಣಿಸಿರಲಿಲ್ಲ. ಆಗಲೂ, ಅತ್ತೆ, ಆಗಲೂ ನಾನು ಬಿಸಿನೀರಿನ ಲೋಟ ಕೈಗೆ ಕೊಟ್ಟು ಹೊರಗೆ ಬಂದೆ.

ಆದ್ದರಿಂದ ಬರೆಯಲು ಕೂತೆ. ಚೀಟಿ ಇಲ್ಲ, ನಾನೇ ಹರಿದಿದ್ದೇನೆ. ಇನ್ನು ನನ್ನ ಬಾಯಿಯೇ ಸಾಕ್ಷಿ. ಇಷ್ಟು ದಿನ ಯಾರಿಗೂ ತೋರಿಸದೆ ನಾನೇ ಇಟ್ಟುಕೊಂಡಿದ್ದ ರಿಪೋರ್ಟು ಇದೆ, ಅದರಲ್ಲಿ ಹುಟ್ಟಿನಿಂದ ಎಂದು ಸ್ಪಷ್ಟವಾಗಿ ಬರೆದಿದೆ, ಅದನ್ನು ಸುಮಾಳ ಕೈಗೆ ಕೊಡುತ್ತೇನೆ. ನಿಮ್ಮ ಮಗ ಏನು ಮಾಡುತ್ತಾರೋ ನನಗೆ ತಿಳಿಯದು. ತನ್ನ ನೌಕರಿ ಬಿಟ್ಟು ನನ್ನ ಹಿಂದೆ ಬಂದ ಮನುಷ್ಯನಿಗೆ, ಅವರು ಬಾರದೆ ಹೋದಾರೆಂದು ಮಗಳ ಕಿವಿಯ ಸಂಗತಿಯನ್ನು ಒಂದು ವರ್ಷ ಮುಚ್ಚಿಟ್ಟೆ ಎಂದು ಹೇಳಬೇಕು. ನೀವು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ದಯವಿಟ್ಟು ಬೇಗ ಕ್ಷಮಿಸಬೇಡಿ.

ನಾಳೆ ಭಾನುವಾರ, ಎಲ್ಲರೂ ಮನೆಯಲ್ಲಿರುತ್ತಾರೆ. ಈ ಹಾಳೆಗಳನ್ನು ನಿಮ್ಮ ಕೈಗೆ ಕೊಟ್ಟುಬಿಡೋಣ ಎಂದಿದ್ದೆ. ನೀವು ಅಕ್ಷರಕ್ಕೆ ಬೆರಳಿಟ್ಟು ಓದಿ ಮುಗಿಸುವವರೆಗೆ ನಾನು ಬೇರೆ ಕೋಣೆಯಲ್ಲಿರಬಹುದಿತ್ತು. ಅದಕ್ಕೇ ಬೇಡ ಎನಿಸಿತು. ನಾನೇ ಓದಿ ಹೇಳುತ್ತೇನೆ. ಓವಿಯನ್ನು ಕೆಳಗೆ ಆಡಲು ಕಳಿಸೋಣವೆಂದೂ ಒಂದು ಆಸೆ ಬಂತು, ಸುಳ್ಳು ಹೇಳಲಾರೆ. ಎಲ್ಲರಿಗಿಂತ ಅವಳಿಗೇ ನಾನು ಹೆಚ್ಚು ಹೆದರುತ್ತೇನೆ. ಆದರೆ ಕಳಿಸುವುದಿಲ್ಲ. ಅವಳನ್ನು ನಿಮ್ಮ ಪಕ್ಕದಲ್ಲಿ ಕೂಡಿಸಿ, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಎದುರಿಗೆ ಕುರ್ಚಿ ಹಾಕಿಕೊಂಡು, ಒಂದೊಂದು ಮಾತಿಗೂ ತಲೆ ಎತ್ತಿ, ತುಟಿಗೆ ಕೈ ಅಡ್ಡ ಹಿಡಿಯದೆ, ನಿಧಾನವಾಗಿ ಓದುತ್ತೇನೆ.